ಗಡಿಯಾರ ರಿಪೇರಿಯವರ ಮಗ ಮತ್ತು ಸೊಟ್ಟ ಪಾದ

ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ಸಾಕು, "ಬಸುರಿ ಇದ್ದಾಗ ಗ್ರಹಣ ನೋಡಿರ್ಬೇಕು" ಅಂತ ತಾಯಿಯನ್ನೇ ದೂರುವವರು ನಮ್ಮಲ್ಲಿ ಈಗಲೂ ಇದ್ದಾರೆ. ಡಾಕ್ಟರುಗಳು ಇದನ್ನು ಕ್ಲಬ್ ಫುಟ್ ಅಂತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇರುತ್ತೆ.

ಇದಕ್ಕೆ ಸರಿಯಾದ ದಾರಿ ತೋರಿಸಿದ ಡಾ. ಇಗ್ನಾಸಿಯೊ ಪೊನ್ಸೆಟಿ ಹುಟ್ಟಿದ್ದು 1914ರಲ್ಲಿ, ಸ್ಪೇನಿನ ಮೆನೊರ್ಕಾ ದ್ವೀಪದಲ್ಲಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗಡಿಯಾರ ರಿಪೇರಿ ಮಾಡ್ತಿದ್ದರಂತೆ. ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು, ತಮ್ಮ ಪಕ್ಷ ಸೋತ ಮೇಲೆ ದೇಶ ಬಿಟ್ಟು, 1941ರಲ್ಲಿ ಅಮೆರಿಕದ ಅಯೋವಾ ಸೇರಿದರು.

ಅಲ್ಲಿ ನೋಡಿದರೆ, ಚಿಕ್ಕಂದಿನಲ್ಲಿ ಆಪರೇಷನ್ ಆದವರ ಪಾದ ದೊಡ್ಡವರಾದ ಮೇಲೆ ಬಿಗಿದುಕೊಂಡು ನೋಯುತ್ತಿತ್ತು. ಹಾಗಾಗಿ ಇವರು ಕೈಯನ್ನೇ ನಂಬಿದರು. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ಸ್ವಲ್ಪ ತಿರುಗಿಸಿ ಪ್ಲಾಸ್ಟರ್, ಹೀಗೆ ಐದಾರು ಸಲ. ಹೆಚ್ಚಿನವರಿಗೆ ಹಿಮ್ಮಡಿಯ ಹಿಂದೆ ಒಂದು ಸಣ್ಣ ಕೊಯ್ತ. ಆಮೇಲೆ ಪಟ್ಟಿಗೆ ಜೋಡಿಸಿದ ಬೂಟು. ಮೊದಲ ಮೂರು ತಿಂಗಳು ಇಡೀ ದಿನ, ನಂತರ ನಾಲ್ಕೈದು ವರ್ಷದವರೆಗೆ ಮಲಗುವಾಗ.

1963ರಲ್ಲೇ ಫಲಿತಾಂಶ ಪ್ರಕಟಿಸಿದರೂ ಹೆಚ್ಚಿನ ಸರ್ಜನ್‌ಗಳು ತಿರುಗಿ ನೋಡಲಿಲ್ಲ! ಎಂಬತ್ತು ದಾಟಿದ ಮೇಲೆ, 1996ರಲ್ಲಿ ಪುಸ್ತಕ ಬರೆದರು. ಆಮೇಲೆ ಇದನ್ನು ಹಬ್ಬಿಸಿದ್ದರಲ್ಲಿ ದೊಡ್ಡ ಪಾಲು ಇಂಟರ್‌ನೆಟ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಅಪ್ಪ-ಅಮ್ಮಂದಿರದ್ದು. ಪೊನ್ಸೆಟಿ 2009ರಲ್ಲಿ ತೀರಿಕೊಂಡರು. ಇವತ್ತು ನಮ್ಮ ದೇಶದಲ್ಲೂ ಇದೇ ಚಿಕಿತ್ಸೆ.

ಮೊದಲ ಕೆಲವು ವಾರಗಳಲ್ಲೇ ಶುರು ಮಾಡಿದರೆ ಸುಲಭ. ಗ್ರಹಣದ ಲೆಕ್ಕ ಹಾಕುತ್ತ ಕೂತರೆ ಕಳೆದುಹೋಗೋದು ಆ ವಾರಗಳೇ, ಅಲ್ವಾ?