ಹಿಸ್ಟರಿ ಹೇಳಿ, ಅಮ್ಮಾ

ನಮ್ಮ ಬೇಗೂರಿನಲ್ಲಿ ಹಿಸ್ಟರಿ ಎಂದರೆ ಕಲ್ಲು. ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಶಾಸನ ಸುಮಾರು ಕ್ರಿ.ಶ. 890ರದು. ‘ಬೆಂಗಳೂರು ಕಾಳೆಗ’ ಎಂಬ ಮಾತು ಅದರಲ್ಲಿದೆ. ಈ ಮಹಾನಗರದ ಹೆಸರಿಗೆ ಕೆಂಪೇಗೌಡರಿಗಿಂತ ಆರೇಳು ನೂರು ವರ್ಷ ಹಿಂದಿನ ಸಾಕ್ಷಿ ಅದು. ಗಂಗರ ಕಾಲದ ನಾಗತ್ತರನ ದೊಡ್ಡ ವೀರಗಲ್ಲು ಇಲ್ಲಿಂದ ಹೋಗಿ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಸೇರಿದೆ. ಹೈಸ್ಕೂಲಿನಲ್ಲಿ ಚರಿತ್ರೆಯ ಟೀಚರಾಗಿದ್ದ ನಾನು ಇದನ್ನೇ ವರ್ಷ ವರ್ಷ ಹೇಳಿಕೊಂಡು ಬಂದವಳು. ನಿವೃತ್ತಿಯಾದ ಮೇಲೆ ಇನ್ನೊಂದು ಬಗೆಯ ಹಿಸ್ಟರಿಯ ಪರಿಚಯವಾಯಿತು. ಅದು ಆಸ್ಪತ್ರೆಯದು.

ಬೀದಿಯಲ್ಲಿ ಯಾರದಾದರೂ ಮಗುವಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಅಥವಾ ಎರಡನೇ ಕ್ಲಾಸಿನಲ್ಲಿದ್ದರೂ ಅಕ್ಷರ ಕೂಡುವುದಿಲ್ಲ ಎಂದರೆ, ‘ಟೀಚರಮ್ಮಾ, ಒಂದಿನ ಜೊತೆಗೆ ಬನ್ನಿ’ ಅನ್ನುತ್ತಾರೆ. ಅಪ್ಪ ಕ್ಯಾಬ್ ಓಡಿಸುವವನು, ಅಮ್ಮ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ. ಬೇಗೂರು ರಸ್ತೆ, ಸಿಲ್ಕ್ ಬೋರ್ಡ್, ಮಡಿವಾಳ ದಾಟಿ ನಿಮ್ಹಾನ್ಸಿಗೋ ಇನ್ನೊಂದು ಮಕ್ಕಳ ಕ್ಲಿನಿಕ್ಕಿಗೋ ತಲುಪುವಷ್ಟರಲ್ಲಿ ಮಗು ಒಂದು ನಿದ್ದೆ ಮುಗಿಸಿರುತ್ತದೆ. ಹೀಗೆ ನಾಲ್ಕೈದು ಕುಟುಂಬಗಳ ಜೊತೆ ಹೋಗಿ ಬಂದಿದ್ದೇನೆ. ಹೊಸದಾಗಿ ಹೊರಟವರಿಗೆ ಅಲ್ಲಿ ಏನಾಗುತ್ತದೆ ಎಂದು ಹೇಳುವವರು ಕಡಿಮೆ. ಅಲ್ಲಿ ಆಗುವುದೆಲ್ಲ ಯಾಕೆ ಹಾಗೆ ಆಗುತ್ತದೆ ಎಂಬುದಕ್ಕೂ ಒಂದು ಚರಿತ್ರೆಯಿದೆ.

ಮೊದಲ ದಿನ ಔಷಧಿ ಬರೆದುಕೊಡುತ್ತಾರೆ ಎಂದುಕೊಂಡು ಹೋಗಬೇಡಿ. ಆ ದಿನ ಹೆಚ್ಚಾಗಿ ಪ್ರಶ್ನೆಗಳದ್ದು. ಬಸುರಿಯಾಗಿದ್ದಾಗ ಬಿಪಿ, ಸಕ್ಕರೆ ಇತ್ತೇ? ಹೆರಿಗೆ ಎಷ್ಟನೇ ತಿಂಗಳಿಗೆ? ಮಗು ಹುಟ್ಟಿದ ತಕ್ಷಣ ಅತ್ತಿತೇ? ಕತ್ತು ನಿಂತದ್ದು, ಕೂತದ್ದು, ನಡೆದದ್ದು ಯಾವಾಗ? ಮೊದಲ ಮಾತು ಏನು? ಸೋದರ ಸಂಬಂಧದಲ್ಲಿ ಮದುವೆಯೇ? ಇದಕ್ಕೇ ಅವರು ಹಿಸ್ಟರಿ ತೆಗೆದುಕೊಳ್ಳುವುದು ಎನ್ನುವುದು. ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ ದೊಡ್ಡ ಡಾಕ್ಟರು ಬಂದು ಅದನ್ನೇ ಮತ್ತೆ ಕೇಳುತ್ತಾರೆ. ಬೇರೆ ದಿನ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಸೋಷಿಯಲ್ ವರ್ಕರ್ ಕೇಳುತ್ತಾರೆ. ‘ಆಗಲೇ ಹೇಳಿದೆನಲ್ಲ’ ಎಂದು ಗಂಡಸರಿಗೆ ಸಿಟ್ಟು ಬರುತ್ತದೆ. ಹೆಂಗಸರಿಗೆ ಬೇರೆಯೇ ಏನೋ ಆಗುತ್ತದೆ. ‘ಮಗು ಹೊಟ್ಟೆಯಲ್ಲಿದ್ದಾಗ ಏನು ತಿಂದೆ, ಎಲ್ಲಿ ಬಿದ್ದೆ’ ಎಂದು ಅತ್ತೆ ಮೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆಯನ್ನೇ ಡಾಕ್ಟರೂ ಕೇಳುತ್ತಿದ್ದಾರೆ ಅನ್ನಿಸಿ ಅವಳ ಗಂಟಲು ಕಟ್ಟುತ್ತದೆ. ಒಬ್ಬ ತಾಯಿ ಹೆರಿಗೆಯಲ್ಲಿ ಆದ ತೊಂದರೆಯನ್ನು ಮುಚ್ಚಿಟ್ಟೇಬಿಟ್ಟಳು. ತಪ್ಪು ತನ್ನ ತಲೆಗೆ ಬರುತ್ತದೆ ಎಂಬ ಭಯ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ತಾಯಂದಿರ ತಲೆಗೆ ಅದನ್ನು ಕಟ್ಟಿದ ಕಾಲ ನಿಜವಾಗಿಯೂ ಇತ್ತು.

1938ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಮಿಸಿಸಿಪಿಯ ಒಬ್ಬ ವಕೀಲರಿಂದ ಟೈಪ್ ಮಾಡಿದ ಕಾಗದ ಬಂತು, 33 ಪುಟದ್ದು. ತನ್ನ ಮಗ ಡೊನಾಲ್ಡ್ ಏನು ತಿನ್ನುತ್ತಾನೆ, ಏನನ್ನು ತಿರುಗಿಸುತ್ತ ಕೂರುತ್ತಾನೆ, ಯಾವ ಮಾತನ್ನು ಹೇಗೆ ಹೇಳುತ್ತಾನೆ ಎಂದು ಆ ತಂದೆ ಬರೆದಿದ್ದರು. ಐದು ವರ್ಷದ ನಂತರ, 1943ರಲ್ಲಿ, ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಪ್ರಕಟಿಸಿದ ಲೇಖನದಿಂದಲೇ ಆಟಿಸಂ ವೈದ್ಯಲೋಕಕ್ಕೆ ಒಂದು ಪ್ರತ್ಯೇಕ ಸ್ಥಿತಿಯಾಗಿ ಗೊತ್ತಾದದ್ದು. ಅದರ ಮೊದಲ ಮಗು ಡೊನಾಲ್ಡ್. ಅವನ ಬಗ್ಗೆ ಅಲ್ಲಿರುವುದರಲ್ಲಿ ಬಹುಪಾಲು ಅಪ್ಪನ ಕಾಗದದಿಂದ ಬಂದದ್ದು.

ಆದರೆ ಅದೇ ಲೇಖನದಲ್ಲಿ ಆ ಕಾಗದದ ಅತಿ ವಿವರವನ್ನೂ ಒಂದು ಲಕ್ಷಣದಂತೆ ನೋಡಲಾಗಿತ್ತು. ಇದು ಹುಟ್ಟಿನಿಂದಲೇ ಬಂದದ್ದಿರಬೇಕು ಎಂದು ಕ್ಯಾನರ್ ಆಗ ಬರೆದಿದ್ದರೂ, ಈ ತಂದೆ-ತಾಯಂದಿರಲ್ಲಿ ಬೆಚ್ಚಗಿನ ಪ್ರೀತಿ ಕಡಿಮೆ ಎಂಬ ಮಾತನ್ನೂ ಸೇರಿಸಿದ್ದರು. ಅದು ಬೆಳೆದು ‘ರೆಫ್ರಿಜರೇಟರ್ ತಾಯಿ’ ಎಂಬ ಬೈಗುಳವಾಯಿತು. 1967ರಲ್ಲಿ ಬ್ರೂನೋ ಬೆಟ್ಟಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮಾತಾಗಿಸಿತು. ಅದನ್ನು ಒಪ್ಪದೆ, ಕಾರಣ ಮಿದುಳಿನಲ್ಲಿದೆ ಎಂದು 1964ರಲ್ಲೇ ಪುಸ್ತಕ ಬರೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರೂ ಹೌದು, ಅಂಥ ಒಬ್ಬ ಮಗನ ಅಪ್ಪನೂ ಹೌದು. ಕೊನೆಗೆ 1969ರಲ್ಲಿ ತಂದೆ-ತಾಯಂದಿರ ಸಭೆಯೊಂದರಲ್ಲಿ ಕ್ಯಾನರ್ ಅವರೇ ಎದ್ದುನಿಂತು, ನೀವು ನಿರ್ದೋಷಿಗಳು ಎಂಬ ಅರ್ಥದ ಮಾತಾಡಿದರು. ಮಾಡದ ತಪ್ಪಿಗೆ ಬಿಡುಗಡೆ ಸಿಗಲು ಇಪ್ಪತ್ತಾರು ವರ್ಷ ಹಿಡಿಯಿತು.

ಆದ್ದರಿಂದ ನಾನು ಹೊಸ ತಾಯಂದಿರಿಗೆ ದಾರಿಯಲ್ಲೇ ಹೇಳಿಬಿಡುತ್ತೇನೆ: ಆ ಪ್ರಶ್ನೆಗಳು ಪೊಲೀಸರ ವಿಚಾರಣೆಯಲ್ಲ. ಮಗು ಅಳದೆ ಹುಟ್ಟಿತು ಎಂದು ನೀನು ಹೇಳಿದರೆ ಅವರು ಏನನ್ನು ಪರೀಕ್ಷಿಸಬೇಕು ಎಂಬುದು ಬದಲಾಗುತ್ತದೆ, ಅಷ್ಟೇ. ಮುಚ್ಚಿಟ್ಟರೆ ಹಾದಿ ತಪ್ಪುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಎಂಬುದನ್ನೂ ಹೇಳು. ಎರಡು ಮೂರು ಭಾಷೆ ಕಿವಿಗೆ ಬಿದ್ದದ್ದರಿಂದ ಆಟಿಸಂ ಬರುವುದಿಲ್ಲ. ಕೇಳುವ ರೀತಿ ಎಲ್ಲ ಕಡೆ ಒಳ್ಳೆಯದಾಗಿರುತ್ತದೆ ಎಂದು ಮಾತ್ರ ಹೇಳಲಾರೆ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ‘ಮೊಬೈಲ್ ಕೊಟ್ಟು ಕೂರಿಸಿದ್ದೀರಾ?’ ಎಂದು ಕೇಳಿದ ದನಿಗೆ ನನಗೇ ಮೈ ಉರಿದಿತ್ತು.

ಅಷ್ಟು ಜನ ಯಾಕೆ ಕೇಳುತ್ತಾರೆ ಎಂಬುದಕ್ಕೂ ಹಿನ್ನೆಲೆ ಉಂಟು. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ತೆರೆದಾಗ ಅಲ್ಲಿಗೆ ಬಂದ ಮೊದಲ ಹುಡುಗನಿಗೆ ಕಾಗುಣಿತ ಬರುತ್ತಿರಲಿಲ್ಲ. ಕರೆದುಕೊಂಡು ಬಂದವರು ಅವನ ಟೀಚರ್. (ನಮ್ಮ ಕುಲದವರು ಎಂದು ನನಗೆ ಹೆಮ್ಮೆ.) 1920ರ ದಶಕದಲ್ಲಿ ಅಮೆರಿಕದ ‘ಚೈಲ್ಡ್ ಗೈಡೆನ್ಸ್’ ಕ್ಲಿನಿಕ್ಕುಗಳು ಮನೋವೈದ್ಯರು, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್ ಮೂವರನ್ನೂ ಒಂದೇ ಸೂರಿನಡಿ ಕೂರಿಸಿದವು. 1937ರಲ್ಲಿ ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆ ಭಾರತದಲ್ಲೂ ಅಂಥದ್ದನ್ನು ಶುರುಮಾಡಿತು. ಇಂದು ಬೇಗೂರಿನ ಮಗು ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆಯುವುದು ಆ ಏರ್ಪಾಡಿನ ಮುಂದುವರಿಕೆ.

ಮಾತು ತಡವಾದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಮಾಡಿಸುತ್ತಾರೆ. ಬೆರಾ ಎಂಬ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು, ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಎನ್ನುತ್ತಾರೆ. ಬಸ್ಸಿನಲ್ಲಿ ನಿದ್ದೆ ಮಾಡಿಬಿಟ್ಟರೆ ಕೆಲಸ ಕೆಟ್ಟಿತು. ಈ ವಿದ್ಯೆಗೆ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿ 1965ರಲ್ಲೇ ಆರಂಭವಾದದ್ದು ನಮ್ಮ ನಾಡಿನ ಭಾಗ್ಯ.

ಬುದ್ಧಿಮತ್ತೆಯ ಪರೀಕ್ಷೆ ಎಂದರೆ ಮನೆಯವರು ಎಸ್‌ಎಸ್‌ಎಲ್‌ಸಿ ಪರೀಕ್ಷೆಯಂತೆ ಬೆವರುತ್ತಾರೆ. ಮರದ ಹಲಗೆಯಲ್ಲಿ ಹತ್ತು ಆಕಾರದ ಗುಳಿ, ಅವಕ್ಕೆ ಹೊಂದುವ ಹತ್ತು ತುಂಡು; ಮಗು ಬೇಗ ಬೇಗ ಕೂರಿಸಬೇಕು. ಇದಕ್ಕೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಸೆಗ್ಯಾನ್ ಅವರ ಹೆಸರಿದೆ. ಇನ್ನೊಂದು, ಬಿನೆ-ಕಾಮತ್ ಪರೀಕ್ಷೆ. ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ಮಾಡಿದ ಪ್ರಶ್ನೆಗಳನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, 1940ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ್ದನ್ನೇ ನಮ್ಮ ಮಗುವಿಗೆ ಕೇಳಿ ದಡ್ಡ ಎಂದು ಬರೆದುಬಿಡಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಕನ್ನಡ ಮಕ್ಕಳ ಮಟ್ಟಿಗೆ ಇದು ದೊಡ್ಡ ಕೆಲಸ ಎಂದೇ ನನ್ನ ಭಾವನೆ. ನಮ್ಮ ಚರಿತ್ರೆಯ ಪಾಠಗಳಲ್ಲಿ ಕಾಮತರ ಹೆಸರು ನನಗೆ ಎಂದೂ ಸಿಗಲಿಲ್ಲ. ವೈನ್‌ಲ್ಯಾಂಡ್ ಎಂಬ ಮೂರನೆಯದರಲ್ಲಿ ಪ್ರಶ್ನೆಗಳು ಮಗುವಿಗೆ ಅಲ್ಲ, ನಿಮಗೆ: ತಾನೇ ಉಣ್ಣುತ್ತಾನೆಯೇ, ಗುಂಡಿ ಹಾಕಿಕೊಳ್ಳುತ್ತಾನೆಯೇ? ಇಲ್ಲಿ ಮರ್ಯಾದೆಗೆಂದು ಒಂದಕ್ಕೆ ಎರಡು ಸೇರಿಸಿ ಹೇಳುವವರನ್ನು ಕಂಡಿದ್ದೇನೆ. ಅದರಿಂದ ನಷ್ಟ ಮಗುವಿಗೆ.

ಹೆಸರಿನ ಭಯ ಇನ್ನೊಂದು. ‘ನಿಮ್ಹಾನ್ಸಾ? ಅದು ಹುಚ್ಚಾಸ್ಪತ್ರೆ ಅಲ್ಲವಾ?’ ಎಂದು ಅಜ್ಜಿಯೊಬ್ಬರು ಮೊಮ್ಮಗನನ್ನು ಒಂದೂವರೆ ವರ್ಷ ತಡೆದರು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬುದು ಅವರ ಸಮರ್ಥನೆ. ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಅಸೈಲಂ ಎಂಬ ಹೆಸರು ಹೋಗಿ ಅದು ಮೆಂಟಲ್ ಹಾಸ್ಪಿಟಲ್ ಆದದ್ದು 1925ರಲ್ಲಿ. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಜ್ಜಿ ತಮ್ಮ ಹಿರಿಯರಿಂದ ಕೇಳಿದ ಹೆಸರನ್ನೇ ಹೇಳುತ್ತಿದ್ದರು. ಆದರೆ ಮಗುವಿನ ಎರಡರಿಂದ ಮೂರೂವರೆಯವರೆಗಿನ ಆ ಒಂದೂವರೆ ವರ್ಷವನ್ನು ಯಾರೂ ವಾಪಸ್ ತಂದುಕೊಡಲಾರರು.

ಮಗುವನ್ನು ಒಳಗೆ ಸೇರಿಸಿಕೊಂಡು ನಮ್ಮನ್ನು ಹೊರಗೆ ನಿಲ್ಲಿಸುತ್ತಾರೇನೋ ಎಂದೂ ಹೆದರುತ್ತಾರೆ. ಇಂಗ್ಲೆಂಡಿನಲ್ಲಿ ಹಾಗೆಯೇ ಇತ್ತು. ತಾಯಿ ಬಂದರೆ ಮಗು ಅಳುತ್ತದೆ ಎಂದು ಭೇಟಿಗೆ ಗಂಟೆ ಕಟ್ಟಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬಾತ ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಹುಡುಗಿಯನ್ನು 1952ರಲ್ಲಿ ಸಿನಿಮಾ ಮಾಡಿ ತೋರಿಸಿದ ಮೇಲೆ, 1959ರ ಪ್ಲಾಟ್ ವರದಿ ತಂದೆ-ತಾಯಿಯನ್ನು ಒಳಗೆ ಬಿಡಿ ಎಂದಿತು. ನಮ್ಮಲ್ಲಿ ಅಷ್ಟು ಕಾಯಬೇಕಾಗಿರಲಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೇ ಇರಿಸಿಕೊಂಡರು. ಮನೆಯವರು ನೋಡುತ್ತ ಕಲಿತರು, ಹೆದರಿಕೆ ಬಿಟ್ಟರು, ಕರೆದುಕೊಂಡು ಹೋದರು. ನಿಮ್ಹಾನ್ಸಿನಲ್ಲೂ 1970ರ ದಶಕದಲ್ಲಿ ಕುಟುಂಬ ಸಮೇತ ಇರುವ ವಾರ್ಡು ಬಂತು. ಮಗು ದಾಖಲಾದರೆ ನೀವೂ ಉಳಿಯಬೇಕು. ಬಟ್ಟೆ, ತಟ್ಟೆ ಲೋಟ ಸಿದ್ಧಮಾಡಿಕೊಳ್ಳಿ, ಕೆಲಸದ ಕಡೆ ಮೊದಲೇ ಹೇಳಿಡಿ.

ಥೆರಪಿಯೂ ಹಾಗೆಯೇ. ವಾರಕ್ಕೊಂದು ದಿನ ಮುಕ್ಕಾಲು ಗಂಟೆ ಅಲ್ಲಿ ಮಾಡಿಸುವುದು ನಿಮಗೆ ತೋರಿಸಲಿಕ್ಕೆ, ಉಳಿದ ಆರು ದಿನ ಮನೆಯಲ್ಲಿ ನೀವೇ ಮಾಡಿಸಬೇಕು. ಗಾರ್ಮೆಂಟ್ಸಿನಿಂದ ಸಂಜೆ ದಣಿದು ಬಂದು ಅಡುಗೆಗೆ ನಿಲ್ಲುವವಳಿಗೆ ಇದು ಸುಲಭದ ಮಾತಲ್ಲ. ಈ ಹೊರೆಯನ್ನು ತಾಯಿಯೊಬ್ಬಳ ಮೇಲೆ ಹಾಕಿ ಕೈತೊಳೆದುಕೊಳ್ಳುವ ಅಪ್ಪಂದಿರ ಬಗ್ಗೆ ನನಗೆ ಸಹನೆ ಕಡಿಮೆ. ಅವರಿಗೆ ಆ 33 ಪುಟದ ವಕೀಲರ ಕಥೆ ಹೇಳುತ್ತೇನೆ.

ಹೋಗುವಾಗ ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಹಳೆಯ ರಿಪೋರ್ಟು, ಶಾಲೆಗೆ ಹೋಗುವ ಮಗುವಾದರೆ ನೋಟ್‌ಬುಕ್ಕು, ಒಂದಿಷ್ಟು ತಿಂಡಿ ಇರಲಿ. ಮಗು ಮನೆಯಲ್ಲಿ ಮಾಡುವುದನ್ನು ಎರಡು ನಿಮಿಷ ಫೋನಿನಲ್ಲಿ ಹಿಡಿದುಕೊಳ್ಳಿ. ಡಾಕ್ಟರ ಎದುರು ಅದು ಬೇರೆಯೇ ಮಗುವಾಗಿಬಿಡುತ್ತದೆ. ಕಾಯಿಲೆಯ ಹೆಸರು ಮೊದಲ ದಿನವೇ ಸಿಗದಿರಬಹುದು. ಸಿಕ್ಕ ಮೇಲೆ ಅಂಗವಿಕಲರ ಸರ್ಟಿಫಿಕೇಟು, ಯುಡಿಐಡಿ ಕಾರ್ಡಿನ ಬಗ್ಗೆ ಸೋಷಿಯಲ್ ವರ್ಕರನ್ನು ಕೇಳಿ. 1995ರ ಕಾಯ್ದೆಯಲ್ಲಿ ಏಳು ಬಗೆಗಳಷ್ಟೇ ಇದ್ದವು. 2016ರದ್ದರಲ್ಲಿ ಇಪ್ಪತ್ತೊಂದು ಇವೆ, ಆಟಿಸಂ ಮತ್ತು ಕಲಿಕೆಯ ನ್ಯೂನತೆಯೂ ಸೇರಿ. ಆ ಚೀಟಿ ಪಡೆದರೆ ಮಗುವಿಗೆ ಕಳಂಕ ಎಂದು ಬೀರುವಿನಲ್ಲಿ ಬಚ್ಚಿಡುವವರಿದ್ದಾರೆ. ಶಾಲೆಗೂ ಪರೀಕ್ಷೆಯ ರಿಯಾಯಿತಿಗೂ ಕೇಳುವುದು ಅದನ್ನೇ.

ಹಿಂದಿನ ಬೀದಿಯ ಕ್ಯಾಬ್ ಡ್ರೈವರ್ ಹುಡುಗ ಈಗ ಟ್ರಿಪ್ಪುಗಳ ನಡುವೆ ಒಂದು ಪಾಕೆಟ್ ಪುಸ್ತಕದಲ್ಲಿ ಮಗನ ವಿಷಯ ಬರೆದಿಡುತ್ತಾನೆ. ಕಳೆದ ಸಲ ಡಾಕ್ಟರು ಕೇಳಿದಾಗ ಓದಿ ಹೇಳಿದ: ‘ಹತ್ತನೇ ತಾರೀಕು, ನೀರು ಬೇಕು ಅಂತ ಬಿಂದಿಗೆ ಕಡೆ ಬೆರಳು ತೋರಿಸಿದ.’ ಅವರು ಅದನ್ನು ತಾರೀಕಿನ ಸಮೇತ ಫೈಲಿಗೆ ಬರೆದುಕೊಂಡು, ಮುಂದಿನ ಪುಟ ಓದಿ ಎಂದರು.