ಗುಡ್ ಈವ್ನಿಂಗ್ ನ್ಯೂಯಾರ್ಕ್ ಸಿಟಿ

ಬ್ರಿಟಿಷ್ ರಾಕ್ ಗಾಯಕ, ಗೀತರಚನಕಾರ ಪಾಲ್ ಮೆಕಾರ್ಟ್ನಿಯ ಲೈವ್ ಆಲ್ಬಂ. 2009ರ ಜುಲೈ 17, 18 ಮತ್ತು 21ರಂದು ನ್ಯೂಯಾರ್ಕ್‌ನ ಸಿಟಿ ಫೀಲ್ಡ್ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಧ್ವನಿಮುದ್ರಣಗೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಎರಡು ಸಿ.ಡಿ. ಹಾಗೂ ಒಂದು ಡಿ.ವಿ.ಡಿ.ಯಾಗಿ ಹೊರಬಂತು. ಆಗ ಮೆಕಾರ್ಟ್ನಿಗೆ 67 ವರ್ಷ.

ಸ್ಥಳದ ಆಯ್ಕೆಗೆ ಚರಿತ್ರೆಯ ನಂಟಿದೆ. 1965ರ ಆಗಸ್ಟ್ 15ರಂದು ಮೆಕಾರ್ಟ್ನಿ ಇದ್ದ ಬೀಟಲ್ಸ್ ತಂಡ ಸುಮಾರು 55 ಸಾವಿರ ಜನರೆದುರು ಹಾಡಿದ್ದು ಶೇ ಸ್ಟೇಡಿಯಂನಲ್ಲಿ. ಅದರ ಪಕ್ಕದಲ್ಲೇ ಕಟ್ಟಿದ ಹೊಸ ಕ್ರೀಡಾಂಗಣವೇ ಸಿಟಿ ಫೀಲ್ಡ್. ಅಂದು ಅಭಿಮಾನಿಗಳ ಚೀರಾಟದಲ್ಲಿ ವಾದ್ಯಗಳ ಸದ್ದೇ ಮುಳುಗಿಹೋಗಿತ್ತು. ಇಲ್ಲಿಯದು ಪ್ರತಿ ತಂತಿಯೂ ಕೇಳಿಸುವ ಮುದ್ರಣ.

ಮೂವತ್ತಕ್ಕೂ ಹೆಚ್ಚಿರುವ ಗೀತೆಗಳಲ್ಲಿ ಬೀಟಲ್ಸ್‌ನವೇ ಹೆಚ್ಚು; ಅವನ ನಂತರದ ವಿಂಗ್ಸ್ ತಂಡದವು, ಸ್ವತಂತ್ರ ರಚನೆಗಳು, 'ದಿ ಫೈರ್‌ಮ್ಯಾನ್' ಹೆಸರಿನ ಪ್ರಯೋಗದ ಹಾಡುಗಳೂ ಸೇರಿವೆ. ಅಗಲಿದ ಬೀಟಲ್ಸ್ ಗೆಳೆಯರನ್ನು ನೆನೆಯುವ ಭಾಗವೇ ಆಲ್ಬಂನ ಜೀವಾಳ: ಜಾನ್ ಲೆನನ್‌ಗಾಗಿ 'ಹಿಯರ್ ಟುಡೇ', ಜಾರ್ಜ್ ಹ್ಯಾರಿಸನ್‌ಗಾಗಿ ಅವನದೇ 'ಸಮ್‌ಥಿಂಗ್'. ಎರಡನೆಯದು ಪುಟ್ಟ ಯುಕುಲೇಲಿಯ ಮೇಲೆ ಶುರುವಾಗಿ ಪೂರ್ಣ ವಾದ್ಯವೃಂದಕ್ಕೆ ಏರುತ್ತದೆ. ತಾರಸ್ಥಾಯಿಯಲ್ಲಿ ಕಂಠ ಅಲ್ಲಲ್ಲಿ ದಣಿದಂತೆ ಕೇಳುವುದು ನಿಜ, ಆದರೆ ಹುರುಪಿಗೆ ಕೊರತೆಯಿಲ್ಲ. ರಸ್ಟಿ ಆಂಡರ್ಸನ್, ಬ್ರಯಾನ್ ರೇ, ಪಾಲ್ ವಿಕೆನ್ಸ್, ಏಬ್ ಲಾಬೊರಿಯೆಲ್ ಜೂನಿಯರ್ ಇವರ ಬಿಗಿಯಾದ ಮೇಳ ಅದಕ್ಕೆ ಬೆಂಬಲ. ಒಂದು ಹಾಡಿಗೆ ಬಿಲ್ಲಿ ಜೋಯೆಲ್ ಅತಿಥಿಯಾಗಿ ದನಿಗೂಡಿಸಿದ್ದಾನೆ.

ಇದರಲ್ಲಿನ 'ಹೆಲ್ಟರ್ ಸ್ಕೆಲ್ಟರ್' ಗಾಯನಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು.