ಕೌಸ್ಟಿನೆನ್: ಊರಿಗೆ ಊರೇ ಪಿಟೀಲು ಹಿಡಿದ ಕಥೆ

ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಕೊಕ್ಕೊಲಾದಿಂದ ಒಳನಾಡಿನ ಕಡೆಗೆ ಒಂದು ಗಂಟೆಯೂ ಪ್ರಯಾಣಿಸಬೇಕಿಲ್ಲ, ಕೌಸ್ಟಿನೆನ್ ಸಿಗುತ್ತದೆ. ಹೊಲ, ಹೈನು, ಸುತ್ತ ಕಾಡು. ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ. ಡಿಸೆಂಬರಿನ ನಡುವೆ ಸೂರ್ಯ ಕಾಣುವುದು ದಿನಕ್ಕೆ ಸುಮಾರು 4 ಗಂಟೆ. ಈ ಪುಟ್ಟ ಊರಿನ ಪಿಟೀಲು ವಾದನವನ್ನು 2021ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಪಿಟೀಲಿಗೆ 250 ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದು ಬೆಳೆದದ್ದು ಮದುವೆ ಮನೆಗಳಲ್ಲಿ. ದಿನಗಟ್ಟಲೆ ನಡೆಯುತ್ತಿದ್ದ ಮದುವೆಗಳಲ್ಲಿ ರೈತರೇ ಪಿಟೀಲುಗಾರರು. ಸ್ವರಲಿಪಿ ನೋಡದೆ, ಹಿರಿಯರು ನುಡಿಸಿದ್ದನ್ನು ಕೇಳಿಯೇ ಕಲಿಯುತ್ತಿದ್ದರು. ಊರಿನ ಸಂಗೀತ ಪಿಟೀಲಿಗಷ್ಟೇ ಸೀಮಿತವಾಗಿರಲಿಲ್ಲ: 1813ರಲ್ಲಿ ಹುಟ್ಟಿದ ಕ್ರೇತಾ ಹಾಪಸಾಲೊ ಎಂಬ ಇದೇ ಊರಿನ ಹೆಣ್ಣುಮಗಳು ಕಾಂತೆಲೆ ಎಂಬ ತಂತಿವಾದ್ಯ ಹೊತ್ತು ಊರೂರು ತಿರುಗಿ, ನುಡಿಸಿ ಹಾಡಿ ಸಂಸಾರ ಸಾಕಿದಳು. ಇಪ್ಪತ್ತನೆಯ ಶತಮಾನದಲ್ಲಿ ಕೊನ್‌ಸ್ತಾ ಯೂಲ್ಹಾ ಮತ್ತು ಅವರ ಪುರ್ಪುರಿಪೆಲಿಮನ್ನಿತ್ ತಂಡ ಪಿಟೀಲಿಗೆ ಹಾರ್ಮೋನಿಯಂ ಜೊತೆಗೂಡಿಸಿ ಈ ನಾದವನ್ನು ದೇಶಕ್ಕೆಲ್ಲ ಪರಿಚಯಿಸಿತು. 1968ರಲ್ಲಿ ಜನಪದ ಸಂಗೀತೋತ್ಸವ ಶುರುವಾಯಿತು. ಇಂದಿಗೂ ಬೇಸಿಗೆ ಬಂದರೆ ಊರು ಜನರಿಂದ ತುಂಬಿಹೋಗುತ್ತದೆ.

ಆದರೆ ಪರಂಪರೆಯನ್ನು ಉಳಿಸುವ ಕೆಲಸ ನಡೆಯುವುದು ಚಳಿಗಾಲದಲ್ಲಿ, ಸಂಗೀತದ ಮೇಷ್ಟ್ರ ಕೋಣೆಯಲ್ಲಿ. ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲಾಗುವ ಕಾಲ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮಕ್ಕಳು ಬೂಟು ಕಳಚಿ ಕಾಲುಚೀಲದಲ್ಲೇ ಒಳಗೆ ಬರುತ್ತಾರೆ. ಪಿಟೀಲಿನ ಪೆಟ್ಟಿಗೆಯನ್ನು ಮಾತ್ರ ತಕ್ಷಣ ತೆರೆಯುವಂತಿಲ್ಲ. ಕೊರೆಯುವ ಚಳಿಯಿಂದ ಬಂದ ಮರಕ್ಕೆ ಏಕಾಏಕಿ ಬಿಸಿ ತಾಗಿದರೆ ಕೆಡುಕು. ಒಲೆಯ ಬಿಸಿಗೆ ಒಣಗಿದ ಗಾಳಿಯಲ್ಲಿ ಮರ ಕುಗ್ಗಿ ಬಿರಡೆಗಳು ಸಡಿಲಗೊಂಡು ಜಾರುತ್ತವೆ. ಹಾಗಾಗಿ ಮೇಷ್ಟ್ರ ಪಾಠದ ಮೊದಲರ್ಧ ಒಂದೊಂದೇ ಪುಟ್ಟ ಪಿಟೀಲನ್ನು ಕೈಗೆತ್ತಿಕೊಂಡು ಶ್ರುತಿ ಮಾಡುವುದರಲ್ಲೇ ಹೋದರೂ ಹೋಗಬಹುದು.

ಪಿಟೀಲು ಬೆಚ್ಚಗಾಗುವಷ್ಟರಲ್ಲಿ ಹಾಡು ಬಾಯಿಗೆ ಬಂದಿರಬೇಕು. ಪಿಟೀಲುಗಾರರ ಮನೆತನದ ಮೌನೊ ಯಾರ್ವೆಲಾ 1980ರ ದಶಕದಲ್ಲಿ ರೂಪಿಸಿದ ನ್ಯಾಪ್ಪಾರಿ ಪದ್ಧತಿಯ ಕ್ರಮವೇ ಇದು: ಮೊದಲು ಹಾಡುವುದು, ಆಮೇಲೆ ಬೆರಳಿನಿಂದ ತಂತಿ ಮೀಟುವುದು, ಕೊನೆಗೆ ಕಮಾನು. ನಿನ್ನೆ ಸೇರಿದ ಮಗುವಿಗೂ ಹತ್ತು ವರ್ಷ ಕಲಿತ ಹುಡುಗಿಗೂ ಒಂದೇ ಹಾಡು, ಆದರೆ ಪಾಲು ಬೇರೆ. ಮಗುವಿಗೆ ಬೆರಳೂರದ ಬರಿತಂತಿಯ ಎರಡು ಸ್ವರ, ಹುಡುಗಿಗೆ ಮೂಲ ಧಾಟಿ. ಅಪ್ಪ, ಅಮ್ಮ, ಅಜ್ಜನೂ ಬಂದು ಕೂತರೆ ಅವರಿಗೂ ಒಂದು ಪಾಲು. ಪ್ರತಿಭೆ ಇದೆಯೇ ಎಂದು ಯಾರನ್ನೂ ಸೋಸುವುದಿಲ್ಲ. ಪಾಲು ಹಂಚುವ ಈ ಕೆಲಸವೇ ಮೇಷ್ಟ್ರ ನಿಜವಾದ ಪಾಂಡಿತ್ಯ, ಏಕೆಂದರೆ ಎಲ್ಲರಿಗೂ ತಕ್ಕ ಸ್ವರ ಹೊಂದಿಸುವುದು ಒಬ್ಬ ಪ್ರತಿಭಾವಂತನನ್ನು ತಯಾರು ಮಾಡುವುದಕ್ಕಿಂತ ಕಷ್ಟ.

ಹೀಗೆ ಕಲಿತ ಮಕ್ಕಳಲ್ಲಿ ಎಲ್ಲರೂ ಕಲಾವಿದರಾಗುವುದಿಲ್ಲ. ಕೆಲವರು ಹೈನುಗಾರರಾಗುತ್ತಾರೆ, ಕೆಲವರು ನರ್ಸ್ ಆಗುತ್ತಾರೆ. ಆದರೂ ಮದುವೆಯಲ್ಲಿ ನುಡಿಸಲು, ಕುಣಿಯಲು, ತಪ್ಪಿದ ತಾಳ ಗುರುತಿಸಲು ಅವರಿಗೆ ಬರುತ್ತದೆ. ಸಂಗೀತಕ್ಕೆ ಬೇಕಾದದ್ದು ಇಂಥ ಊರೇ. ದೊಡ್ಡ ವಿದ್ವಾಂಸರು ಹುಟ್ಟುವುದೂ ತಿಳಿದು ಕೇಳುವವರು ತುಂಬಿರುವ ಇಂಥ ಊರಿನಲ್ಲೇ.